ನೇರಳೆ ಬ್ಯಾಕ್ಟೀರಿಯಾಗಳು ಮತ್ತು ಒಂಟಿ ಎಲೆಕ್ಟ್ರಾನಿನ ಸಾಕ್ಷ್ಯ

ಹಸಿರು ಸಸ್ಯಗಳು ಸೂರ್ಯನ ಬೆಳಕಿನ ನೆರವಿನಿಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬಳಸಿ ಆಹಾರವನ್ನು ತಯಾರಿಸುತ್ತವೆ, ಆಮ್ಲಜನಕವನ್ನು ಹೊರಬಿಡುತ್ತವೆ. ಈ ವಾಕ್ಯವನ್ನು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳಿಗಂತೂ ಅದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಉತ್ತರ. ಸಸ್ಯಗಳ ಮಟ್ಟಿಗೆ ಆ ವಾಕ್ಯ ನಿಜ. ಆದರೆ ದ್ಯುತಿಸಂಶ್ಲೇಷಣೆಯ ಹೃದಯಭಾಗದಲ್ಲಿ ಏನಿದೆ ಎಂಬ ಗುಟ್ಟನ್ನು ಮನುಷ್ಯನಿಗೆ ಮೊದಲು ಬಿಟ್ಟುಕೊಟ್ಟದ್ದು ಹಸಿರು ಎಲೆಯಲ್ಲ. ಆಮ್ಲಜನಕವನ್ನು ಎಂದೂ ಹೊರಬಿಡದ, ಕೆರೆಯ ಕೊಳೆತ ಕೆಸರಿನಲ್ಲಿ ಬಾಳುವ ನೇರಳೆ ಬಣ್ಣದ ಬ್ಯಾಕ್ಟೀರಿಯಾಗಳು ಆ ಉಪಕಾರವನ್ನು ಮಾಡಿದವು.

ಈ ಜೀವಿಗಳ ಪೊರೆಯೊಳಗೆ ನಡೆಯುವ ಎಲೆಕ್ಟ್ರಾನುಗಳ ಕೈಬದಲಾವಣೆಯನ್ನು ವಿಜ್ಞಾನಿಗಳು ಹೇಗೆ ಅರಿತರು, ಅದಕ್ಕಾಗಿ ಪೊರೆಯೊಳಕ್ಕೆ ಕಳುಹಿಸಿದ ಗೂಢಚಾರ ಅಣುಗಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಾಗ ಆ ಮೌನದಿಂದಲೇ ಏನನ್ನು ಕಲಿತರು ಎಂಬುದು ಈ ಲೇಖನದ ವಸ್ತು. ವಿಷಯ ತುಸು ಕಠಿಣವೇ ಸರಿ. ಆದರೂ ಹತ್ತನೆಯ ತರಗತಿಯ ವಿಜ್ಞಾನ ಅಲ್ಪಸ್ವಲ್ಪ ನೆನಪಿರುವವರು ನಿಧಾನವಾಗಿ ಓದಿದರೆ ಎಲ್ಲಿಯೂ ಎಡವಲಾರರೆಂಬ ಭರವಸೆ ನನ್ನದು.

ಕೆಸರಿನ ನಿವಾಸಿಗಳು

1883ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದಲ್ಲಿದ್ದ ಥಿಯೊಡೋರ್ ಎಂಗೆಲ್ಮನ್ ಎಂಬ ಶರೀರಶಾಸ್ತ್ರಜ್ಞರು ಸೂಕ್ಷ್ಮದರ್ಶಕದ ಕೆಳಗೆ ಈ ನೇರಳೆ ಬ್ಯಾಕ್ಟೀರಿಯಾಗಳ ಮೇಲೆ ಒಂದು ಪುಟ್ಟ ರೋಹಿತವನ್ನು, ಎಂದರೆ ಕಾಮನಬಿಲ್ಲಿನ ಪಟ್ಟಿಯನ್ನು, ಬೀಳಿಸಿ ನೋಡಿದರು. ಅವು ಕೆಲವು ಬಣ್ಣಗಳ ಜಾಗದಲ್ಲಿ ಗುಂಪುಗೂಡಿದವು. ಅಷ್ಟೇ ಅಲ್ಲ, ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕತ್ತಲೆಯಾಗಿ ಕಾಣುವ ಅವಕೆಂಪು ಭಾಗದಲ್ಲಿಯೂ ದಟ್ಟವಾಗಿ ನೆರೆದವು. ಮನುಷ್ಯರಿಗೆ ಕಾಣದ ಬೆಳಕನ್ನು ಉಂಡು ಬದುಕುವ ಜೀವಿಗಳಿವು ಎಂದು ಅವರು ತರ್ಕಿಸಿದರು. ಸಸ್ಯಗಳಂತೆಯೇ ಇವೂ ಆಮ್ಲಜನಕವನ್ನು ಬಿಡುತ್ತಿರಬೇಕೆಂದು ಅವರು ನಂಬಿದ್ದರು. ಆದರೆ 1907ರಲ್ಲಿ ಹಾನ್ಸ್ ಮೋಲಿಷ್ ಎಂಬ ಸಸ್ಯವಿಜ್ಞಾನಿ ಎಷ್ಟು ಹುಡುಕಿದರೂ ಇವುಗಳಿಂದ ಆಮ್ಲಜನಕದ ಸುಳಿವೇ ಸಿಗಲಿಲ್ಲ. ಬೆಳಕನ್ನು ಬಳಸುವುದು ನಿಜ, ಆಮ್ಲಜನಕ ಬರದಿರುವುದೂ ನಿಜ. ಹಾಗಾದರೆ ಇದನ್ನು ದ್ಯುತಿಸಂಶ್ಲೇಷಣೆ ಎನ್ನಬಹುದೇ?

ಈ ಒಗಟನ್ನು ಬಿಡಿಸಿದವರು ನೆದರ್ಲೆಂಡ್ಸಿನಿಂದ ಕ್ಯಾಲಿಫೋರ್ನಿಯಾದ ಕಡಲತೀರಕ್ಕೆ ಹೋಗಿ ನೆಲೆಸಿದ ಕಾರ್ನೆಲಿಸ್ ವಾನ್ ನೀಲ್. 1931ರಲ್ಲಿ ಅವರು ಬರೆದ ವಾದದ ಸಾರಾಂಶ ಹೀಗಿದೆ: ಸಸ್ಯ ನೀರಿನಿಂದ ಹೈಡ್ರೊಜನನ್ನು ಕಿತ್ತುಕೊಳ್ಳುತ್ತದೆ, ಉಳಿದ ಆಮ್ಲಜನಕ ಹೊರಬೀಳುತ್ತದೆ. ನೇರಳೆ ಗಂಧಕ ಬ್ಯಾಕ್ಟೀರಿಯಾ ಹೈಡ್ರೊಜನ್ ಸಲ್ಫೈಡಿನಿಂದ, ಎಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲದಿಂದ, ಹೈಡ್ರೊಜನನ್ನು ಕಿತ್ತುಕೊಳ್ಳುತ್ತದೆ, ಉಳಿದ ಗಂಧಕ ಹರಳಾಗಿ ನಿಲ್ಲುತ್ತದೆ. ಎರಡರ ಗಣಿತವೂ ಒಂದೇ. ಸಸ್ಯಗಳು ಬಿಡುವ ಆಮ್ಲಜನಕ ನೀರಿನಿಂದಲೇ ಬರಬೇಕೆಂಬ ಅವರ ಊಹೆಗೆ 1941ರಲ್ಲಿ ರೂಬೆನ್ ಮತ್ತು ಕಾಮೆನ್ ಎಂಬ ವಿಜ್ಞಾನಿಗಳು ಸಂಗಡಿಗರೊಡನೆ ಭಾರ ಆಮ್ಲಜನಕವನ್ನು ಬಳಸಿ ಬೆಂಬಲ ಒದಗಿಸಿದರು. ಹಸಿರೆಲೆಯ ರಹಸ್ಯವನ್ನು ತೋರಿಸಲು ಕೆಸರಿನ ಬ್ಯಾಕ್ಟೀರಿಯಾ ಬೇಕಾಯಿತು ಎಂಬುದನ್ನು ಗಮನಿಸಿ.

ವಾನ್ ನೀಲರ ವಾದದಿಂದ ಇನ್ನೊಂದು ಮಾತೂ ಸ್ಪಷ್ಟವಾಯಿತು. ದ್ಯುತಿಸಂಶ್ಲೇಷಣೆ ಎಂದರೆ ಬೆಳಕಿನ ಬಲದಿಂದ ನಡೆಯುವ ಉತ್ಕರ್ಷಣ ಮತ್ತು ಅಪಕರ್ಷಣ. ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ ಎಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಕೊಡುವವನಿಲ್ಲದೆ ಪಡೆಯುವವನಿಲ್ಲ. ಆದ್ದರಿಂದ ಅವೆರಡೂ ಜೋಡಿಯಾಗಿಯೇ ನಡೆಯುತ್ತವೆ.

ಇದು ನಡೆಯುವ ಸ್ಥಳ ಯಾವುದು? 1952ರಲ್ಲಿ ಷಾಕ್ಮನ್, ಪಾರ್ಡಿ ಮತ್ತು ಸ್ಟಾನಿಯರ್ ಎಂಬ ಮೂವರು ಈ ಬ್ಯಾಕ್ಟೀರಿಯಾಗಳನ್ನು ಒಡೆದು ವೇಗವಾಗಿ ಗಿರಗಿರನೆ ತಿರುಗಿಸಿದಾಗ ಬಣ್ಣವೆಲ್ಲ ಅತಿ ಸೂಕ್ಷ್ಮ ಕಣಗಳಲ್ಲಿ ತಳಕ್ಕೆ ಇಳಿಯಿತು. ಇವುಗಳಿಗೆ ಕ್ರೊಮ್ಯಾಟೊಫೋರ್ ಎಂದು ಹೆಸರಾಯಿತು. ಇವು ಬ್ಯಾಕ್ಟೀರಿಯಾದ ಒಳಪೊರೆ ಮಡಚಿ ಉಂಟಾದ ಪುಟ್ಟ ಗುಳ್ಳೆಗಳು. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅಂಥ ಐದಾರು ಭಾಗಗಳಷ್ಟು ಇವುಗಳ ಅಡ್ಡಳತೆ. 1954ರಲ್ಲಿ ಆಲ್ಬರ್ಟ್ ಫ್ರೆಂಕೆಲ್ ಅವರು ಕೋಶವನ್ನು ಒಡೆದು ತೆಗೆದ ಇಂಥ ಸಾರವೇ ಬೆಳಕಿನಲ್ಲಿ ಎಟಿಪಿಯನ್ನು, ಎಂದರೆ ಜೀವಕೋಶದ ಶಕ್ತಿಯ ನಾಣ್ಯವನ್ನು, ಟಂಕಿಸಬಲ್ಲದೆಂದು ತೋರಿಸಿದರು. ಜೀವಿ ಸತ್ತರೂ ಅದರ ಪೊರೆ ದುಡಿಯುತ್ತಿತ್ತು. ಬ್ಯಾಕ್ಟೀರಿಯಾದ ಇಡೀ ಬದುಕಿನಲ್ಲಿ ಬೆಳಕಿಗೆ ಸಂಬಂಧಿಸಿದ ಭಾಗವನ್ನು ಮಾತ್ರ ಬೇರ್ಪಡಿಸಿ ಗಾಜಿನ ನಳಿಗೆಯಲ್ಲಿಟ್ಟು ಪರೀಕ್ಷಿಸುವ ಅನುಕೂಲ ಹೀಗೆ ಒದಗಿತು.

ಒಂಟಿ ಎಲೆಕ್ಟ್ರಾನು ಎಂಬ ಅಯಸ್ಕಾಂತ

ಈಗ ಕಥೆಯ ಎರಡನೆಯ ಎಳೆಗೆ ಬರೋಣ. ಸಾಮಾನ್ಯ ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಗಳಾಗಿರುತ್ತವೆ. ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣವಿದೆ. ಅದನ್ನು ಗಿರಕಿ ಎಂದು ಕನ್ನಡಿಸುವುದುಂಟು. ಅದರ ದೆಸೆಯಿಂದ ಎಲೆಕ್ಟ್ರಾನು ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಜೋಡಿಯಲ್ಲಿ ಒಂದರ ಕಾಂತಗುಣ ಇನ್ನೊಂದರದನ್ನು ಅಳಿಸಿಹಾಕುತ್ತದೆ. ಎಲೆಕ್ಟ್ರಾನು ಒಂಟಿಯಾಗಿದ್ದರೆ ಮಾತ್ರ ಅದರ ಕಾಂತಗುಣ ಹೊರಗೆ ತೋರುತ್ತದೆ. ಅಂಥ ಅಣುವನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು ಸರಿಯಾದ ಆವೃತ್ತಿಯ ತರಂಗವನ್ನು ಹಾಯಿಸಿದರೆ ಒಂಟಿ ಎಲೆಕ್ಟ್ರಾನು ಆ ಶಕ್ತಿಯನ್ನು ಹೀರಿ ತನ್ನ ದಿಕ್ಕನ್ನು ಬದಲಿಸುತ್ತದೆ. ಉಯ್ಯಾಲೆಯನ್ನು ಸರಿಯಾದ ಲಯದಲ್ಲಿ ತಳ್ಳಿದಾಗ ಮಾತ್ರ ಅದು ಮೇಲೇರುವಂತೆ ಇದು. ಇದಕ್ಕೆ ಎಲೆಕ್ಟ್ರಾನ್ ಸ್ಪಿನ್ ಅನುರಣನೆ ಎಂದು ಹೆಸರು. ಸುಮಾರು 3400 ಗಾಸ್ ಬಲದ ಕಾಂತಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 950 ಕೋಟಿ ಬಾರಿ ಕಂಪಿಸುವ ಸೂಕ್ಷ್ಮತರಂಗ ಬೇಕಾಗುತ್ತದೆ.

ಇದನ್ನು ಮೊದಲು ಕಂಡವರು ರಷ್ಯದ ಕಜಾನ್ ವಿಶ್ವವಿದ್ಯಾಲಯದ ಯೆವ್ಗೆನಿ ಜವೊಯ್‌ಸ್ಕಿ. ವರ್ಷ 1944, ಎರಡನೆಯ ಮಹಾಯುದ್ಧದ ಕಾಲ. ತಾಮ್ರ ಮತ್ತು ಮ್ಯಾಂಗನೀಸ್ ಲವಣಗಳಂಥ ಸಾಮಾನ್ಯ ವಸ್ತುಗಳಲ್ಲಿ ಅವರು ಈ ಅನುರಣನೆಯನ್ನು ಗುರುತಿಸಿದರು. 1976ರಲ್ಲಿ ಅವರು ನಿಧನರಾಗುವವರೆಗೂ ನೊಬೆಲ್ ಪುರಸ್ಕಾರ ಅವರನ್ನು ಅರಸಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ರೇಡಾರಿಗಾಗಿ ಬೆಳೆದಿದ್ದ ಸೂಕ್ಷ್ಮತರಂಗ ತಂತ್ರಜ್ಞಾನ ಪ್ರಯೋಗಾಲಯಗಳಿಗೆ ಒದಗಿತು, ಈ ವಿಧಾನ ಹಲವು ದೇಶಗಳಲ್ಲಿ ಬೇರೂರಿತು.

ಇಲ್ಲಿ ನಮ್ಮ ದೇಶದ ಒಬ್ಬರನ್ನು ನೆನೆಯಬೇಕು. 1955ರಲ್ಲಿ ಅಮೆರಿಕದ ಜಾರ್ಜ್ ಫ್ರೆಂಕೆಲ್ ಅವರೊಡನೆ ಬಿ. ವೆಂಕಟರಾಮನ್ ಅವರು ಸೆಮಿಕ್ವಿನೋನ್ ಎಂಬ ಒಂಟಿ ಎಲೆಕ್ಟ್ರಾನಿನ ಅಣುಗಳ ರೋಹಿತವನ್ನು ಬಿಡಿಸಿ, ಹೈಡ್ರೊಜನ್ ಪರಮಾಣುಗಳ ಬೀಜಗಳು ಅದರಲ್ಲಿ ಹೇಗೆ ತಮ್ಮ ಗುರುತು ಮೂಡಿಸುತ್ತವೆಂದು ತೋರಿಸಿದರು. ಮುಂದೆ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. ಅದೇ ಸೆಮಿಕ್ವಿನೋನ್ ಕುಲದ ಅಣುಗಳು ನಮ್ಮ ನೇರಳೆ ಬ್ಯಾಕ್ಟೀರಿಯಾದ ಪೊರೆಯಲ್ಲಿಯೂ ಇವೆ. ಅವುಗಳ ಪಾತ್ರ ಮುಂದೆ ಬರಲಿದೆ.

1956ರಲ್ಲಿ ಬ್ಯಾರಿ ಕಾಮನರ್ ಮತ್ತು ಸಂಗಡಿಗರು ಸಸ್ಯದ ಹರಿತ್ಕಣಗಳನ್ನು ಈ ಉಪಕರಣದಲ್ಲಿಟ್ಟು ಬೆಳಕು ಹಾಯಿಸಿದರು. ಸಂಕೇತ ಎದ್ದು ನಿಂತಿತು. ಬೆಳಕು ಒಂದು ಜೋಡಿಯನ್ನು ಒಡೆದು ಎಲೆಕ್ಟ್ರಾನನ್ನು ಒಂಟಿಯಾಗಿಸುತ್ತಿದೆ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಪುರಾವೆ. ಕೆಲವೇ ವರ್ಷಗಳಲ್ಲಿ ನೇರಳೆ ಬ್ಯಾಕ್ಟೀರಿಯಾಗಳಲ್ಲಿಯೂ ಇಂಥದೇ ಸಂಕೇತ ದೊರೆಯಿತು. ಆ ಒಂಟಿ ಎಲೆಕ್ಟ್ರಾನು ಯಾವ ಅಣುವಿನ ಮೇಲಿದೆ ಎಂಬುದು ಮುಂದಿನ ಪ್ರಶ್ನೆ. ಯುರೋಪಿನ ಬ್ರಾಟಿಸ್ಲಾವಾದಲ್ಲಿ 1924ರಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಪ್ಯಾಲೆಸ್ಟೈನಿಗೆ ತಪ್ಪಿಸಿಕೊಂಡು ಹೋಗಿ, ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾದ ಜಾರ್ಜ್ ಫೆಹರ್ ಅವರು ಈ ಪ್ರಶ್ನೆಗೆ ದಶಕಗಳನ್ನೇ ಮುಡಿಪಿಟ್ಟರು. 1969ರಲ್ಲಿ ಅವರು ಮತ್ತು ಸಂಗಡಿಗರು ಆ ಸಂಕೇತ ಎಲೆಕ್ಟ್ರಾನನ್ನು ಕಳೆದುಕೊಂಡ ಬ್ಯಾಕ್ಟೀರಿಯಾ ಪತ್ರಹರಿತ್ತಿನದೇ ಎಂಬುದಕ್ಕೆ ಆಧಾರಗಳನ್ನು ಮುಂದಿಟ್ಟರು.

ಆದರೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಬೇರ್ಪಡಿಸಿ ಶುದ್ಧಗೊಳಿಸಿದ ಪತ್ರಹರಿತ್ತಿನ ಸಂಕೇತದ ಅಗಲ ಸುಮಾರು 13 ಗಾಸ್. ಬ್ಯಾಕ್ಟೀರಿಯಾದಲ್ಲಿ ಕಾಣುವುದು ಸುಮಾರು 9.5 ಗಾಸ್ ಮಾತ್ರ. 1971ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಜೇಮ್ಸ್ ನಾರಿಸ್ ಮತ್ತು ಸಂಗಡಿಗರು ಸರಳ ವಿವರಣೆಯನ್ನು ಕೊಟ್ಟರು. ಒಂಟಿ ಎಲೆಕ್ಟ್ರಾನು ಒಂದರ ಬದಲು ಎರಡು ಪತ್ರಹರಿತ್ತುಗಳ ಮೇಲೆ ಸಮನಾಗಿ ಹಂಚಿಕೊಂಡಿದ್ದರೆ ಅಗಲವು ಎರಡರ ವರ್ಗಮೂಲದಷ್ಟು ಪಾಲು ಕುಗ್ಗಬೇಕು. 13ನ್ನು 1.41ರಿಂದ ಭಾಗಿಸಿ ನೋಡಿ, 9.2 ಬರುತ್ತದೆ. ಒಬ್ಬ ವಿದ್ಯಾರ್ಥಿಯ ಅಂಕಗಳಲ್ಲಿ ಇರುವಷ್ಟು ಏರುಪೇರು ಇಬ್ಬರ ಸರಾಸರಿಯಲ್ಲಿ ಇರುವುದಿಲ್ಲವಲ್ಲ, ಅದೇ ತತ್ತ್ವ. ಹೀಗೆ ಬರಿಯ ಒಂದು ಗೆರೆಯ ಅಗಲದಿಂದ, ಯಾರೂ ಕಣ್ಣಾರೆ ಕಾಣದ ಒಂದು ಅಣುಜೋಡಿಯ ಇರವನ್ನು ಊಹಿಸಲಾಯಿತು.

ಹೊರಗಿನಿಂದ ಕಳುಹಿಸಿದ ಗೂಢಚಾರ

ಮೇಲಿನದು ಪ್ರಕೃತಿಯೇ ಸೃಷ್ಟಿಸಿದ ಒಂಟಿ ಎಲೆಕ್ಟ್ರಾನಿನ ಕಥೆ. ಅದು ಪತ್ರಹರಿತ್ತಿನ ಬಗ್ಗೆ ಹೇಳುತ್ತದೆ. ಆದರೆ ಆ ಪತ್ರಹರಿತ್ತು ಕುಳಿತಿರುವ ಪೊರೆಯ ಬಗ್ಗೆ ಅದಕ್ಕೆ ಹೇಳಲು ಹೆಚ್ಚೇನಿಲ್ಲ. ಪೊರೆಯ ಕೊಬ್ಬಿನ ಅಣುಗಳಲ್ಲಿ ಎಲೆಕ್ಟ್ರಾನುಗಳೆಲ್ಲ ಜೋಡಿಗಳಾಗಿರುವುದರಿಂದ ಈ ಉಪಕರಣಕ್ಕೆ ಅವು ಅಗೋಚರ. ಹಾಗಾದರೆ ಒಂಟಿ ಎಲೆಕ್ಟ್ರಾನುಳ್ಳ ಅಣುವೊಂದನ್ನು ನಾವೇ ತಯಾರಿಸಿ ಅಲ್ಲಿ ಇರಿಸಿದರೆ ಹೇಗೆ?

ಸಾಮಾನ್ಯವಾಗಿ ಒಂಟಿ ಎಲೆಕ್ಟ್ರಾನಿನ ಅಣು ಕ್ಷಣಮಾತ್ರವೂ ತಾಳದೆ ಇನ್ನೊಂದರೊಡನೆ ಬೆರೆತುಬಿಡುತ್ತದೆ. ಇದಕ್ಕೆ ಅಪವಾದವಾದ ನೈಟ್ರಾಕ್ಸೈಡ್ ಎಂಬ ಅಣುಗಳ ಗುಂಪಿದೆ. ಅಲ್ಲಿ ಒಂಟಿ ಎಲೆಕ್ಟ್ರಾನು ನೈಟ್ರೊಜನ್ ಮತ್ತು ಆಮ್ಲಜನಕದ ನಡುವೆ ನೆಲೆಸಿರುತ್ತದೆ, ಸುತ್ತಲೂ ನಾಲ್ಕು ಮೀಥೈಲ್ ಗುಂಪುಗಳು ಕೋಟೆಯಂತೆ ಕಾವಲು ನಿಂತಿರುತ್ತವೆ. 1960ರಲ್ಲಿ ಸೋವಿಯತ್ ರಸಾಯನವಿಜ್ಞಾನಿಗಳಾದ ಲೆಬೆದೆವ್ ಮತ್ತು ಕಜಾರ್ನೊವ್ಸ್ಕಿ ಅವರು ಟೆಂಪೋ ಎಂಬ ಇಂಥ ಅಣುವನ್ನು ವರದಿ ಮಾಡಿದರು. 1962ರಲ್ಲಿ ಅಲ್ಲಿನವರೇ ಆದ ರೊಜಾಂತ್ಸೆವ್ ಮತ್ತು ಸಂಗಡಿಗರು ಒಂಟಿ ಎಲೆಕ್ಟ್ರಾನಿಗೆ ಧಕ್ಕೆಯಾಗದಂತೆ ಅಣುವಿನ ಇನ್ನೊಂದು ತುದಿಯಲ್ಲಿ ರಾಸಾಯನಿಕ ಕ್ರಿಯೆ ನಡೆಸಬಹುದೆಂದು ತೋರಿಸಿದರು. ಎಂದರೆ ಈ ಅಣುವಿಗೆ ಹಿಡಿಕೆಯೊಂದನ್ನು ಜೋಡಿಸಿ ಬೇಕಾದಲ್ಲಿ ಅಂಟಿಸಬಹುದು.

ಅದನ್ನು ಜೀವವಿಜ್ಞಾನಕ್ಕೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾರ್ಡನ್ ಮೆಕಾನಲ್. 1965ರಲ್ಲಿ ಅವರು ಮತ್ತು ಸಂಗಡಿಗರು ಜೈವಿಕ ಅಣುಗಳಿಗೆ ನೈಟ್ರಾಕ್ಸೈಡ್ ಅಂಟಿಸಿ ಆ ವಿಧಾನವನ್ನು ಸ್ಪಿನ್ ಲೇಬಲ್ ಎಂದು ಕರೆದರು. ನಾವು ಸ್ಪಿನ್ ಗುರುತು ಎನ್ನೋಣ. ದನದ ಮಂದೆಯಲ್ಲಿ ಒಂದು ಹಸುವಿನ ಕೊರಳಿಗೆ ಗಂಟೆ ಕಟ್ಟಿದರೆ ಮಂದೆ ಎಲ್ಲಿದೆ, ಮೇಯುತ್ತಿದೆಯೋ ಓಡುತ್ತಿದೆಯೋ ಎಂಬುದು ಕಾಣದಿದ್ದರೂ ತಿಳಿಯುತ್ತದೆ. ಸ್ಪಿನ್ ಗುರುತು ಅಂಥ ಗಂಟೆ. ಅದರ ಧ್ವನಿಯ ರೀತಿ ಹೀಗೆ: ನೈಟ್ರಾಕ್ಸೈಡಿನ ರೋಹಿತದಲ್ಲಿ ಮೂರು ಗೆರೆಗಳಿವೆ. ಅಣು ಸುತ್ತಲೂ ಸರಾಗವಾಗಿ ಹೊರಳಾಡುತ್ತಿದ್ದರೆ ಮೂರೂ ಚೂಪಾಗಿ, ಎತ್ತರವಾಗಿ ಕಾಣುತ್ತವೆ. ಜೇನುತುಪ್ಪದಂಥ ದಪ್ಪ ಪರಿಸರದಲ್ಲಿ ಸಿಕ್ಕಿಕೊಂಡಿದ್ದರೆ ಅವು ಅಗಲವಾಗಿ, ಓರೆಕೋರೆಯಾಗಿ ಹರಡುತ್ತವೆ. ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಆಸುಪಾಸಿನ ಚಲನೆಗಳನ್ನು ಈ ಗೆರೆಗಳ ಆಕಾರದಿಂದ ಓದಬಹುದು.

ಕೊಬ್ಬಿನ ಆಮ್ಲದ ಉದ್ದನೆಯ ಸರಪಳಿಯ ಬೇರೆ ಬೇರೆ ಇಂಗಾಲಗಳಿಗೆ ಈ ಗುರುತನ್ನು ಕಟ್ಟಿ ಪೊರೆಯೊಳಕ್ಕೆ ಇಳಿಸಿದಾಗ, ಪೊರೆಯ ಮೇಲ್ಮೈಯ ಬಳಿ ಸರಪಳಿಗಳು ಶಿಸ್ತಾಗಿ ನಿಂತಿವೆ, ನಡುಭಾಗಕ್ಕೆ ಹೋದಂತೆ ಸಡಿಲವಾಗಿ ನಲಿಯುತ್ತಿವೆ ಎಂದು ಮೆಕಾನಲ್ ಮತ್ತು ವೇಯ್ನ್ ಹಬೆಲ್ ಕಂಡರು. ಪೊರೆ ಗಟ್ಟಿ ಗೋಡೆಯೆಂಬ ಭಾವನೆ ಅಲುಗಾಡಿತು. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಅವರು ಪೊರೆಯನ್ನು ಪ್ರೋಟೀನುಗಳು ತೇಲುವ ಎಣ್ಣೆಯಂಥ ಹಾಳೆಯಾಗಿ ಚಿತ್ರಿಸುವ ಹೊತ್ತಿಗೆ ಇಂಥ ಹಲವು ಪುರಾವೆಗಳು ಸಿದ್ಧವಾಗಿದ್ದವು.

ಗಂಟೆಯ ಸದ್ದು ನಿಂತಾಗ

ಸ್ಪಿನ್ ಗುರುತಿಗೆ ಒಂದು ದೊಡ್ಡ ದೌರ್ಬಲ್ಯವಿತ್ತು. ಅದರ ಒಂಟಿ ಎಲೆಕ್ಟ್ರಾನಿಗೆ ಯಾರಾದರೂ ಇನ್ನೊಂದು ಎಲೆಕ್ಟ್ರಾನನ್ನು ದಾನ ಮಾಡಿದರೆ ಜೋಡಿ ಕೂಡಿಕೊಂಡು ಹೈಡ್ರಾಕ್ಸಿಲಮೀನ್ ಎಂಬ ಮೂಕ ಅಣುವಾಗಿಬಿಡುತ್ತದೆ. ಉಪಕರಣದಲ್ಲಿ ಗೆರೆಗಳು ಕುಗ್ಗಿ ಮಾಯವಾಗುತ್ತವೆ. ಎಲೆಕ್ಟ್ರಾನನ್ನು ಕೊಡುವುದೆಂದರೆ ಅಪಕರ್ಷಣ. ಜೀವಂತ ಪೊರೆಗಳು ದಿನವಿಡೀ ಮಾಡುವ ಕೆಲಸವೇ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವುದು. ಹಾಗಾಗಿ ನಿರ್ಜೀವ ಕೊಬ್ಬಿನ ಗುಳ್ಳೆಗಳಲ್ಲಿ ದಿನಗಟ್ಟಲೆ ಬಾಳಿದ ಗುರುತುಗಳು ಚಟುವಟಿಕೆಯುಳ್ಳ ಪೊರೆಗಳಲ್ಲಿ ನಿಮಿಷಗಳಲ್ಲಿ ಬಾಯಿ ಮುಚ್ಚುತ್ತಿದ್ದವು. ಪೊರೆಯ ಚಲನೆಯನ್ನು ಅಳೆಯಲು ಹೊರಟವರಿಗೆ ಇದು ಬೇಸರದ ಸಂಗತಿ.

ಈ ದೌರ್ಬಲ್ಯವನ್ನೇ ಸಾಧನವನ್ನಾಗಿ ಮಾಡಿಕೊಂಡ ಅತ್ಯಂತ ಸೊಗಸಾದ ಪ್ರಯೋಗವನ್ನು 1971ರಲ್ಲಿ ಮೆಕಾನಲ್ ಅವರ ವಿದ್ಯಾರ್ಥಿ ರೋಜರ್ ಕಾರ್ನ್‌ಬರ್ಗ್ ಮಾಡಿದರು. ಪೊರೆಯಲ್ಲಿ ಎರಡು ಪದರಗಳಿವೆ. ಹೊರಪದರದ ಕೊಬ್ಬಿನ ಅಣು ಮಗುಚಿಕೊಂಡು ಒಳಪದರಕ್ಕೆ ಹೋಗುತ್ತದೆಯೇ? ಅವರು ಎರಡೂ ಪದರಗಳಲ್ಲಿ ಗುರುತು ಕಟ್ಟಿದ ಗುಳ್ಳೆಗಳನ್ನು ತಯಾರಿಸಿ, ಹೊರಗಿನ ನೀರಿಗೆ ಆಸ್ಕಾರ್ಬೇಟ್ ಬೆರೆಸಿದರು. ಅದು ಬೇರೇನೂ ಅಲ್ಲ, ನಿಂಬೆ ನೆಲ್ಲಿಕಾಯಿಗಳಲ್ಲಿರುವ ಸಿ ಜೀವಸತ್ವದ ಲವಣ. ಅದು ಎಲೆಕ್ಟ್ರಾನುಗಳ ದಾನಿ, ಆದರೆ ತಂಪಿನಲ್ಲಿ ಪೊರೆಯನ್ನು ದಾಟಿ ಒಳಗೆ ಹೋಗಲಾರದು. ಹೊರಪದರದ ಗುರುತುಗಳೆಲ್ಲ ಮೌನವಾದವು, ಒಳಪದರದವು ಉಳಿದವು. ಆಮೇಲೆ ಉಳಿದವುಗಳಲ್ಲಿ ಎಷ್ಟು ಹೊರಗೆ ಬಂದಿವೆ ಎಂದು ಗಂಟೆಗಟ್ಟಲೆ ಪರೀಕ್ಷಿಸಿದರು. 30 ಡಿಗ್ರಿ ತಾಪದಲ್ಲಿ ಒಳಹೊರಗಿನ ಅಂತರ ಅರ್ಧಕ್ಕೆ ಇಳಿಯಲು ಸುಮಾರು 6.5 ಗಂಟೆ ಬೇಕಾಯಿತು. ಹಾಳೆಯ ಮೇಲೆ ಅಕ್ಕಪಕ್ಕಕ್ಕೆ ಕ್ಷಣಾರ್ಧದಲ್ಲಿ ಜಾರುವ ಅದೇ ಅಣು ಮಗುಚಿಕೊಳ್ಳಲು ಗಂಟೆಗಳನ್ನು ತೆಗೆದುಕೊಳ್ಳುತ್ತದೆ. ಪೊರೆಯ ಒಳಮೈ ಹೊರಮೈಗಳು ಭಿನ್ನವಾಗಿ ಉಳಿಯುವುದು ಹೇಗೆ ಎಂಬುದಕ್ಕೆ ಇದು ಒಂದು ಉತ್ತರ. ಇದೇ ಕಾರ್ನ್‌ಬರ್ಗ್ ಅವರು ಮುಂದೆ ಬೇರೊಂದು ಸಂಶೋಧನೆಗಾಗಿ 2006ರಲ್ಲಿ ನೊಬೆಲ್ ಪುರಸ್ಕಾರ ಪಡೆದರು.

ಈಗ ನೇರಳೆ ಬ್ಯಾಕ್ಟೀರಿಯಾದ ಕ್ರೊಮ್ಯಾಟೊಫೋರಿಗೆ ಬನ್ನಿ. ಅಲ್ಲಿ ಬೆಳಕು ಬಿದ್ದೊಡನೆ ಪತ್ರಹರಿತ್ತಿನ ಜೋಡಿ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಅದು ಮೊದಲ ಕ್ವಿನೋನನ್ನು ಸೆಕೆಂಡಿನ ನೂರು ಕೋಟಿಯ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ತಲುಪಿ, ಅದನ್ನು ಸೆಮಿಕ್ವಿನೋನ್ ಆಗಿಸುತ್ತದೆ. ಅಲ್ಲಿಂದ ಎರಡನೆಯ ಕ್ವಿನೋನಿಗೆ ಹೋಗುತ್ತದೆ. ಎರಡು ಎಲೆಕ್ಟ್ರಾನುಗಳನ್ನು ಪಡೆದ ಆ ಎರಡನೆಯ ಕ್ವಿನೋನ್ ತನ್ನ ಸ್ಥಾನವನ್ನು ಬಿಟ್ಟು ಪೊರೆಯ ಎಣ್ಣೆಯಲ್ಲಿ ಈಜಿಹೋಗಿ, ಸೈಟೊಕ್ರೋಮ್ ಸಂಕೀರ್ಣಕ್ಕೆ ಎಲೆಕ್ಟ್ರಾನುಗಳನ್ನು ಒಪ್ಪಿಸುತ್ತದೆ. ಅವು ಸುತ್ತಿ ಬಳಸಿ ಮತ್ತೆ ಪತ್ರಹರಿತ್ತಿಗೆ ಮರಳುತ್ತವೆ. ಈ ಓಡಾಟದಲ್ಲಿ ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರೋಟಾನುಗಳು ಪೇರಿಸಿಕೊಳ್ಳುತ್ತವೆ, ಅವು ಹಿಂದಿರುಗುವ ರಭಸದಲ್ಲಿ ಎಟಿಪಿ ತಯಾರಾಗುತ್ತದೆ. ಈ ಕೊನೆಯ ಭಾಗ 1961ರಲ್ಲಿ ಪೀಟರ್ ಮಿಚೆಲ್ ಮಂಡಿಸಿದ ಸಿದ್ಧಾಂತ. 1978ರಲ್ಲಿ ಅದಕ್ಕೆ ನೊಬೆಲ್ ಸಂದಿತು.

ಇಲ್ಲಿ ಪೊರೆಯ ಮೇಲೆ ಪರಸ್ಪರ ವಿರುದ್ಧವಾದ ಎರಡು ಬೇಡಿಕೆಗಳಿರುವುದನ್ನು ಗಮನಿಸಿ. ಪ್ರೋಟಾನು ಸೋರದಂತೆ ಅದು ಭದ್ರವಾಗಿರಬೇಕು, ಕ್ವಿನೋನ್ ಈಜಾಡುವಂತೆ ತೆಳುವಾಗಿಯೂ ಇರಬೇಕು. ಪೊರೆಯ ಚಲನೆ ಮತ್ತು ಎಲೆಕ್ಟ್ರಾನುಗಳ ಹರಿವು ಎರಡನ್ನೂ ಒಂದೇ ಅಣುವಿನಿಂದ ಕೇಳಿ ತಿಳಿಯಬಹುದಾದದ್ದು ಸ್ಪಿನ್ ಗುರುತಿನ ವೈಶಿಷ್ಟ್ಯ. ಗೆರೆಗಳ ಆಕಾರ ಚಲನೆಯನ್ನು ಹೇಳುತ್ತದೆ, ಗೆರೆಗಳು ಕುಗ್ಗುವ ವೇಗ ಎಲೆಕ್ಟ್ರಾನುಗಳ ದಾನವನ್ನು ಹೇಳುತ್ತದೆ.

ಆದರೆ ಅಪಾಯವೂ ಅಲ್ಲಿಯೇ ಇದೆ. ಪೊರೆಯ ಸಡಿಲ ಭಾಗದಲ್ಲಿರುವ ಗುರುತುಗಳು ಬೆಳಕು ಬಿದ್ದಾಗ ಮೊದಲು ಮೌನವಾದವೆನ್ನಿ. ಆಗ ಬಿಗಿಯಾದ ಭಾಗದಲ್ಲಿರುವವುಗಳ ಧ್ವನಿ ಮಾತ್ರ ಉಳಿಯುತ್ತದೆ. ಆಕಾರವನ್ನಷ್ಟೇ ನೋಡಿದವನು ಬೆಳಕಿನಿಂದ ಪೊರೆ ಗಟ್ಟಿಯಾಯಿತೆಂದು ತೀರ್ಮಾನಿಸಿಬಿಡಬಹುದು. ನಿಜವಾಗಿ ಪೊರೆ ಬದಲಾಗಿಲ್ಲ, ಸಾಕ್ಷಿಗಳ ಪಟ್ಟಿ ಬದಲಾಗಿದೆ. ಅರ್ಧ ತರಗತಿ ಗೈರುಹಾಜರಾದ ದಿನ ಸರಾಸರಿ ಅಂಕ ಏರಿದರೆ ಮಕ್ಕಳೆಲ್ಲ ಜಾಣರಾದರೆಂದು ಯಾವ ಮೇಷ್ಟ್ರೂ ಬರೆಯಬಾರದಲ್ಲವೇ?

ಇಂಥ ತಪ್ಪು ತೀರ್ಮಾನದಿಂದ ಪಾರಾಗಲು ಬಳಸುವ ಪರೀಕ್ಷೆಗಳು ಸರಳವಾಗಿವೆ. ಕತ್ತಲೆಯಲ್ಲಿಯೂ ಅಳೆಯಬೇಕು, ಬೆಳಕಿನಲ್ಲಿಯೂ ಅಳೆಯಬೇಕು. ಎಲೆಕ್ಟ್ರಾನುಗಳ ದಾರಿಯನ್ನು ಗೊತ್ತಾದ ಒಂದು ಜಾಗದಲ್ಲಿ ಕಟ್ಟುವ ಆಂಟಿಮೈಸಿನ್‌ನಂಥ ವಿಷವನ್ನು ಹಾಕಿ ವೇಗ ಬದಲಾಗುತ್ತದೆಯೇ ನೋಡಬೇಕು. ಕಾಯಿಸಿ ಕೆಡಿಸಿದ ಪೊರೆಯಲ್ಲಿ ಏನಾಗುತ್ತದೆಂದು ನೋಡಬೇಕು. ಕೊನೆಗೆ ಫೆರಿಸಯನೈಡ್ ಎಂಬ ಎಲೆಕ್ಟ್ರಾನು ಕಸಿಯುವ ಲವಣವನ್ನು ಹಾಕಿದಾಗ ಸತ್ತಂತಿದ್ದ ಸಂಕೇತ ಮರಳಿ ಬಂದರೆ, ಗುರುತು ನಾಶವಾಗಿರಲಿಲ್ಲ, ಎಲೆಕ್ಟ್ರಾನನ್ನು ಪಡೆದು ಮೌನವಾಗಿತ್ತು ಎಂದು ಖಚಿತವಾಗುತ್ತದೆ. ಪೊರೆಯನ್ನು ದಾಟಲಾರದ ಕ್ರೋಮಿಯಂ ಆಕ್ಸಲೇಟ್ ಹಾಕಿದರೆ ಹೊರಗಿನ ನೀರಿನಲ್ಲಿರುವ ಗುರುತುಗಳ ಗೆರೆಗಳು ಹರಡಿ ಅಳಿಸಿಹೋಗುತ್ತವೆ, ಒಳಗಿನವು ಮಾತ್ರ ಕಾಣುತ್ತವೆ. ಗುರುತನ್ನು ಪೊರೆಯ ಬೇರೆ ಬೇರೆ ಆಳಗಳಲ್ಲಿಟ್ಟು ಎಲ್ಲಿ ಬೇಗ ಮೌನವಾಗುತ್ತದೆಂದು ಹೋಲಿಸಿದರೆ ದಾನಿಯ ವಿಳಾಸವನ್ನೇ ಊಹಿಸಬಹುದು. 1977ರಲ್ಲಿ ಕ್ಯಾಲಿಫೋರ್ನಿಯಾದ ಕ್ವಿಂಟಾನಿಲ್ಹಾ ಮತ್ತು ಪ್ಯಾಕರ್ ಅವರು ಮೈಟೊಕಾಂಡ್ರಿಯಗಳಲ್ಲಿ ಗುರುತುಗಳು ಅಪಕರ್ಷಣಗೊಳ್ಳುವ ತಾಣಗಳು ಪೊರೆಯ ಮೇಲ್ಮೈಯ ಬಳಿ ಇವೆಯೆಂದು ತೀರ್ಮಾನಿಸಿದರು. ನಮ್ಮ ದೇಹದ ಕೋಶಗಳಲ್ಲಿರುವ ಮೈಟೊಕಾಂಡ್ರಿಯಗಳ ಪೂರ್ವಜರು ಈ ನೇರಳೆ ಬ್ಯಾಕ್ಟೀರಿಯಾಗಳ ದಾಯಾದಿ ಕುಲದವರೆಂದು ಇಂದು ಬಹುಮಟ್ಟಿಗೆ ಒಪ್ಪಿತವಾಗಿದೆ. ಹಾಗಾಗಿ ಕೆಸರಿನ ಜೀವಿಯ ಪೊರೆಯ ವಿಚಾರ ನಮ್ಮ ಉಸಿರಿನ ವಿಚಾರವೂ ಹೌದು.

1970ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಗೆರ್ಟ್ಸ್ ಲಿಖ್ಟೆನ್‌ಸ್ಟೈನ್ ಮೊದಲಾದವರು ಕ್ರೊಮ್ಯಾಟೊಫೋರುಗಳಿಗೆ ಸ್ಪಿನ್ ಗುರುತುಗಳನ್ನೂ ಬೇರೆ ಬಗೆಯ ಗುರುತುಗಳನ್ನೂ ಅಂಟಿಸಿ, ತಾಪವನ್ನೂ ತೇವವನ್ನೂ ಬದಲಿಸುತ್ತ, ಪ್ರೋಟೀನಿನ ಅಲುಗಾಟಕ್ಕೂ ಎಲೆಕ್ಟ್ರಾನಿನ ಓಟಕ್ಕೂ ಇರುವ ನಂಟನ್ನು ಹುಡುಕಿದರು. ಈ ಬಗೆಯ ಅಧ್ಯಯನಗಳಿಂದ ತಿಳಿದದ್ದು ಕುತೂಹಲಕರ. ಪತ್ರಹರಿತ್ತಿನಿಂದ ಮೊದಲ ಕ್ವಿನೋನಿಗೆ ನಡೆಯುವ ಜಿಗಿತ ದ್ರವ ಹೀಲಿಯಮ್ಮಿನ ಕಡುಶೀತದಲ್ಲಿಯೂ ನಿಲ್ಲುವುದಿಲ್ಲ. ಆದರೆ ಮೊದಲ ಕ್ವಿನೋನಿನಿಂದ ಎರಡನೆಯದಕ್ಕೆ ಹೋಗುವ ಹೆಜ್ಜೆ ಹೆಪ್ಪುಗಟ್ಟಿದರೆ ನಿಂತುಹೋಗುತ್ತದೆ. ಬೆಳಕನ್ನು ಹಿಡಿಯಲು ಚಲನೆ ಬೇಡ, ಹಿಡಿದದ್ದನ್ನು ಬದುಕಿಗೆ ಬಳಸಲು ಚಲನೆ ಬೇಕು.

ಊಹೆ ಕಣ್ಣಿಗೆ ಕಂಡಾಗ

ಗೆರೆಗಳ ಅಗಲದಿಂದ ಊಹಿಸಿದ ಆ ಪತ್ರಹರಿತ್ತಿನ ಜೋಡಿ ನಿಜವೇ? 1982ರಲ್ಲಿ ಜರ್ಮನಿಯ ಹಾರ್ಟ್ಮುಟ್ ಮೈಕೆಲ್ ಅವರು ಒಂದು ನೇರಳೆ ಬ್ಯಾಕ್ಟೀರಿಯಾದ ಪೊರೆಯಿಂದ ಕ್ರಿಯಾಕೇಂದ್ರದ ಪ್ರೋಟೀನನ್ನು ತೆಗೆದು ಹರಳುಗಟ್ಟಿಸಿದ್ದನ್ನು ಪ್ರಕಟಿಸಿದರು. ಪೊರೆಯ ಪ್ರೋಟೀನು ಹರಳುಗಟ್ಟುವುದೇ ಅಸಾಧ್ಯವೆಂದು ಹಲವರು ನಂಬಿದ್ದ ಕಾಲ ಅದು. ಯೋಹಾನ್ ಡೈಸೆನ್‌ಹೋಫರ್ ಮತ್ತು ರಾಬರ್ಟ್ ಹೂಬರ್ ಅವರೊಡನೆ ಸೇರಿ 1984 ಮತ್ತು 1985ರಲ್ಲಿ ಕ್ಷಕಿರಣಗಳಿಂದ ಅದರ ರಚನೆಯನ್ನು ಬಿಡಿಸಿದಾಗ, ನಡುವೆ ಒಂದಕ್ಕೊಂದು ಮುಖ ಕೊಟ್ಟು ಕುಳಿತ ಎರಡು ಪತ್ರಹರಿತ್ತುಗಳು ಕಂಡವು. ಮೂವರಿಗೂ 1988ರ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಹದಿಮೂರು ವರ್ಷ ಮೊದಲು, 1971ರಲ್ಲಿ, ಒಂಟಿ ಎಲೆಕ್ಟ್ರಾನು ನುಡಿದಿದ್ದ ಸಾಕ್ಷ್ಯ ನಿಜವಾಗಿತ್ತು.

ಸ್ಪಿನ್ ಗುರುತಿಗೂ ಹೊಸ ಯೌವನ ಬಂದಿತು. ಹಬೆಲ್ ಅವರು ನಮ್ಮ ನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹರಗೋವಿಂದ ಖುರಾನಾ ಅವರೊಡನೆ ಸೇರಿ, ಜೀನನ್ನು ತಿದ್ದಿ ಪ್ರೋಟೀನಿನಲ್ಲಿ ಬೇಕಾದ ಜಾಗದಲ್ಲಿಯೇ ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಕೂರಿಸಿ, ಅದರ ಗಂಧಕಕ್ಕೆ ಗುರುತನ್ನು ಅಂಟಿಸುವ ವಿಧಾನವನ್ನು 1989 ಮತ್ತು 1990ರಲ್ಲಿ ತೋರಿಸಿದರು. ಅವರು ಆರಿಸಿಕೊಂಡದ್ದು ಉಪ್ಪುನೀರಿನ ಸೂಕ್ಷ್ಮಜೀವಿಯ ಬ್ಯಾಕ್ಟೀರಿಯೊರೊಡಾಪ್ಸಿನ್. ಅದೂ ಬೆಳಕಿನ ಬಲದಿಂದ ಪ್ರೋಟಾನನ್ನು ಪೊರೆಯಾಚೆ ತಳ್ಳುವ ಪ್ರೋಟೀನು, ಆದರೆ ಪತ್ರಹರಿತ್ತಿನ ಹಂಗಿಲ್ಲದ್ದು. ಮೊದಲು ಮಂದೆಯಲ್ಲಿ ಯಾವುದೋ ಒಂದು ಹಸುವಿಗೆ ಗಂಟೆ ಕಟ್ಟುತ್ತಿದ್ದವರು ಈಗ ಹೆಸರು ಹಿಡಿದು ಕರೆದು ಕಟ್ಟುವಂತಾಯಿತು. ಗುರುತು ತಾನಿರುವ ಜಾಗವನ್ನೇ ತುಸು ಕೆಡಿಸಬಹುದೆಂಬ ಹಳೆಯ ಆಕ್ಷೇಪ ಮಾತ್ರ ಇಂದಿಗೂ ಉಳಿದಿದೆ. ಆದ್ದರಿಂದಲೇ ಗುರುತು ಅಂಟಿದ ಮೇಲೂ ಪ್ರೋಟೀನು ತನ್ನ ಕೆಲಸ ಮಾಡುತ್ತಿದೆಯೇ ಎಂದು ನೋಡದೆ ಯಾವ ಫಲಿತಾಂಶವನ್ನೂ ನಂಬುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಪ್ರಯೋಗಾಲಯಗಳಲ್ಲಿದ್ದೀರಿ, ಹಲವರು ಬ್ಯಾಂಕು, ಹೊಲ, ಕಚೇರಿ, ಅಡುಗೆಮನೆಗಳಲ್ಲಿದ್ದೀರಿ. ಈ ಇತಿಹಾಸದಿಂದ ಎಲ್ಲರಿಗೂ ಸಲ್ಲುವ ಮಾತೊಂದಿದೆ. ಸಂಕೇತ ನಿಂತಾಗ ಉಪಕರಣ ಕೆಟ್ಟಿತೆಂದು ಎದ್ದುಹೋಗದೆ, ಯಾರು ಮೌನವಾದರು, ಯಾವಾಗ, ಯಾವ ಕಾರಣಕ್ಕೆ ಎಂದು ಕೇಳಿದವರಿಂದಲೇ ಅರ್ಧದಷ್ಟು ಜ್ಞಾನ ದಕ್ಕಿದೆ.

ಮೊಮ್ಮಕ್ಕಳು ಶಾಲೆಯ ಪ್ರಾಜೆಕ್ಟು ಎಂದು ಪೀಡಿಸುತ್ತಿದ್ದರೆ ಒಂದು ಸಲಹೆ. ಎತ್ತರದ ಪಾರದರ್ಶಕ ಬಾಟಲಿಯೊಂದರಲ್ಲಿ ಕೆರೆಯ ಕೆಸರು, ಹರಿದ ವೃತ್ತಪತ್ರಿಕೆಯ ಚೂರು, ಮೊಟ್ಟೆಯ ಚಿಪ್ಪಿನ ಪುಡಿ ಮತ್ತು ಕಪ್ಪುಹಲಗೆಯ ಸೀಮೆಸುಣ್ಣದ ಪುಡಿಯನ್ನು ಕಲಸಿ ಹಾಕಿ, ಮೇಲೆ ಕೆರೆಯ ನೀರು ತುಂಬಿ, ಮುಚ್ಚಳವನ್ನು ಸಡಿಲವಾಗಿಟ್ಟು ಬೆಳಕು ಬರುವ ಕಿಟಕಿಯ ಹೊರಗಿರಿಸಿ. ಸೀಮೆಸುಣ್ಣದಲ್ಲಿ ಸಾಮಾನ್ಯವಾಗಿ ಇರುವ ಕ್ಯಾಲ್ಸಿಯಂ ಸಲ್ಫೇಟಿನಿಂದ ಕೆಸರಿನ ಬೇರೆ ಬ್ಯಾಕ್ಟೀರಿಯಾಗಳು ಹೈಡ್ರೊಜನ್ ಸಲ್ಫೈಡ್ ತಯಾರಿಸುತ್ತವೆ. ಕೆಲವು ವಾರಗಳಲ್ಲಿ ದುರ್ವಾಸನೆ ಬರುತ್ತದೆ, ಸಹಿಸಿಕೊಳ್ಳಿ. ಒಂದೆರಡು ತಿಂಗಳೊಳಗೆ ಗಾಜಿನ ಬದಿಯಲ್ಲಿ ನೇರಳೆ ಅಥವಾ ಕೆಂಗಂದು ಬಣ್ಣದ ಮಚ್ಚೆಗಳು ಮೂಡುವ ಸಂಭವವಿದೆ. ಮೂಡಿದರೆ ಮಕ್ಕಳಿಗೆ ತೋರಿಸಿ, ಇವೂ ಬೆಳಕನ್ನು ಉಣ್ಣುತ್ತವೆ, ಆದರೆ ಆಮ್ಲಜನಕವನ್ನು ಬಿಡುವುದಿಲ್ಲ ಎಂದು ಹೇಳಿ. ಏಕೆ ಎಂದು ಅವರು ಕೇಳಿದರೆ ಉತ್ತರ ಮೇಲಿದೆ.